ಇಪ್ಪತ್ತು ನಿಮಿಷದ ಎಣ್ಣೆ

ಮತ್ತೊಂದು ವಿಮಾನ ಕಂಪನಿ ಬಾಗಿಲು ಮುಚ್ಚುವ ಸ್ಥಿತಿಗೆ ಬಂದಿದೆಯೆಂದು ಮೊನ್ನೆ ಪೇಪರಿನಲ್ಲಿ ಬಂದಿತ್ತು. ಇಂಧನದ ಬೆಲೆ ಏರಿತು, ಟಿಕೆಟ್ಟಿನ ಬೆಲೆ ಏರಿಸಲಾಗಲಿಲ್ಲ, ಬ್ಯಾಂಕುಗಳು ಕೈಬಿಟ್ಟವು. ಎಲ್ಲ ಹಳೆಯ ಕಾರಣಗಳೇ. ನಾನು ಕನ್ನಡಕ ಏರಿಸಿಕೊಂಡು ಆ ಸುದ್ದಿಯನ್ನು ಎರಡು ಸಲ ಓದಿದೆ. ಹುಡುಕುತ್ತಿದ್ದದ್ದು ಒಂದನ್ನೇ: ಈ ಸಲ ತಪ್ಪನ್ನು ಯಾರ ತಲೆಗೆ ಕಟ್ಟಿದ್ದಾರೆ? ಹಾಗೇನೂ ಬರೆದಿರಲಿಲ್ಲ. ಬರೆಯುವುದಿಲ್ಲ. ಅದೆಲ್ಲ ಆಫೀಸಿನ ಒಳಗೆ, ಏಸಿ ಹಾಕಿದ ಕೋಣೆಯಲ್ಲಿ, ಒಳ್ಳೆಯ ಇಂಗ್ಲಿಷಿನಲ್ಲಿ ನಡೆಯುವ ಕೆಲಸ.

ನನಗೆ ಗೊತ್ತಿದ್ದ ಒಬ್ಬ ಹೆಂಗಸಿನ ತಲೆಗೆ ಹೀಗೇ ಒಂದು ಕಂಪನಿಯ ಸಾವನ್ನು ಕಟ್ಟಲು ಹೋಗಿದ್ದರು. ಆಕೆ ತಲೆ ಕೊಡಲಿಲ್ಲ. ಹೋದ ತಿಂಗಳು ಆಕೆ ತೀರಿಕೊಂಡಳು. ಐವತ್ತೆರಡು ಸಾಯುವ ವಯಸ್ಸಲ್ಲ. ಆಕೆಯ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬರೆದಿದ್ದರೆ, "ನಂದೇನೈತೆ ಅಂತ ಪೇಪರ್ನಾಗೆ ಆಕ್ಸಿದ್ರಿ ಮೇಡಮ್ನೋರೆ" ಎಂದು ನನ್ನನ್ನು ಗದರಿಸುತ್ತಿದ್ದಳು.

ನಾನು ವಿಮಾನ ಕಂಪನಿ ಸೇರಿದ್ದು ಅರವತ್ತೊಂದನೇ ವಯಸ್ಸಿನಲ್ಲಿ. ಓದಿದ್ದು ಕಾನ್ವೆಂಟಿನಲ್ಲಿ, ಮೂವತ್ತೆರಡು ವರ್ಷ ಇಂಗ್ಲಿಷ್ ಪಾಠ ಹೇಳಿದ್ದೂ ಕಾನ್ವೆಂಟಿನಲ್ಲಿ. ಪಬ್ಲಿಕ್ ಸೆಕ್ಟರ್ ಫ್ಯಾಕ್ಟರಿಯಲ್ಲಿದ್ದ ನಮ್ಮ ಯಜಮಾನರು ರಿಟೈರಾದ ಮರುವರ್ಷವೇ ಹೋಗಿಬಿಟ್ಟರು. ನಾನು ವೈಟ್‌ಫೀಲ್ಡಿನ ಮನೆಯಲ್ಲಿ ಒಬ್ಬಳೇ ಕ್ರಾಸ್‌ವರ್ಡ್ ತುಂಬುತ್ತ ಕೂತಿದ್ದಾಗ ನನ್ನ ಹಳೆಯ ಶಿಷ್ಯೆಯೊಬ್ಬಳು ಫೋನ್ ಮಾಡಿದಳು. ಅವಳು ಹೂಡಿಯ ಹತ್ತಿರ ಒಂದು ವಿಮಾನ ಕಂಪನಿಯಲ್ಲಿ ಎಚ್‌ಆರ್ ಆಗಿದ್ದಳು. "ಮಿಸ್, ನಮ್ಮ ಕ್ಯಾಬಿನ್ ಕ್ರೂ ಹುಡುಗೀರಿಗೆ ಅನೌನ್ಸ್‌ಮೆಂಟ್ ಹೇಳಿಕೊಡ್ತೀರಾ? ಡಿಕ್ಷನ್ ತುಂಬಾ ಪೂರ್." ಹೋದೆ. ಟೆಕ್ ಪಾರ್ಕಿನ ಗಾಜಿನ ಕಟ್ಟಡದ ನಾಲ್ಕನೇ ಮಹಡಿಯಲ್ಲಿ ವಿಮಾನದಿಂದ ಕಳಚಿ ತಂದ ಎರಡು ಸಾಲು ಸೀಟುಗಳಿದ್ದವು. ಅದೇ ನನ್ನ ಕ್ಲಾಸ್‌ರೂಮು. 'ಟೀ, ಡಾರ್ಲಿಂಗ್?' ಎಂದು ಕೇಳುವಷ್ಟು ಮೃದುವಾಗಿ "ದಯವಿಟ್ಟು ಸೀಟ್ ಬೆಲ್ಟ್ ಕಟ್ಟಿಕೊಳ್ಳಿ" ಎನ್ನುವುದನ್ನು ನಾನು ಕಲಿಸುತ್ತಿದ್ದೆ.

ಮೂರನೇ ಮಹಡಿಯದು ಬೇರೆಯೇ ಲೋಕ. ಅಲ್ಲಿ ಇಪ್ಪತ್ನಾಲ್ಕು ಗಂಟೆಯೂ ಪರದೆಗಳ ಮುಂದೆ ಕೂತ ಡಿಸ್ಪ್ಯಾಚರುಗಳು. ಯಾವ ವಿಮಾನ ಯಾವ ದಾರಿಯಲ್ಲಿ ಹೋಗಬೇಕು, ಇಳಿಯಬೇಕಾದ ಊರಿನಲ್ಲಿ ಮಂಜೋ ಮಳೆಯೋ ಇದ್ದರೆ ಯಾವ ಊರಿಗೆ ತಿರುಗಬೇಕು, ಅದಕ್ಕೆಲ್ಲ ಎಷ್ಟು ಇಂಧನ ಬೇಕು ಎಂದು ಲೆಕ್ಕ ಹಾಕಿ ಒಂದು ಕಾಗದಕ್ಕೆ ಸಹಿ ಹಾಕುವವರು ಇವರು. ಆ ಕಾಗದಕ್ಕೆ ರಿಲೀಸ್ ಎನ್ನುತ್ತಾರೆ. ಕೆಳಗೆ ಡಿಸ್ಪ್ಯಾಚರಿನ ಸಹಿ, ಪಕ್ಕದಲ್ಲಿ ಕ್ಯಾಪ್ಟನ್ನಿನ ಸಹಿ. ಎರಡೂ ಇಲ್ಲದೆ ವಿಮಾನ ಅಲುಗುವುದಿಲ್ಲ. ವಿಮಾನವನ್ನು ಪೈಲಟ್ ಒಬ್ಬನೇ ನಡೆಸುತ್ತಾನೆಂದು ಅರವತ್ತೊಂದು ವರ್ಷ ನಂಬಿದ್ದವಳು ನಾನು.

ಆಕೆ ಅಲ್ಲಿಯ ಸೀನಿಯರ್ ಡಿಸ್ಪ್ಯಾಚರ್. ಹೂಡಿಯವಳೇ. ಸೊಸೆಯಾಗಿ ಬಂದವಳಲ್ಲ, ಅಲ್ಲೇ ಹುಟ್ಟಿ, ಅಲ್ಲೇ ಎರಡು ಬೀದಿ ಆಚೆ ಮದುವೆಯಾದವಳು. ಗಂಡನಿಗೆ ಸರ್ಕಲ್ಲಿನ ಹತ್ತಿರ ಹಾರ್ಡ್‌ವೇರ್ ಅಂಗಡಿ, ಮೇಲೆ ಮೂರು ಅಂತಸ್ತಿನ ಪಿಜಿ. ಬಿಎಸ್ಸಿ ಮುಗಿಸಿ, ಡಿಸ್ಪ್ಯಾಚರ್ ಪರೀಕ್ಷೆಯ ಪುಸ್ತಕಗಳನ್ನು ಮಗುವಿಗೆ ಹಾಲೂಡಿಸುತ್ತ ಓದಿದವಳು. ಹತ್ತಿ ಸೀರೆ, ಬಿಗಿಯಾದ ತುರುಬು, ಅಂಗೈಯಗಲದ ಕೈಗಡಿಯಾರ. ರಿಲೀಸಿಗೆ ಸಹಿ ಹಾಕುವ ಮೊದಲು ಇಡೀ ಕಾಗದವನ್ನು ಪಿಸುದನಿಯಲ್ಲಿ ಓದಿಕೊಳ್ಳುತ್ತಿದ್ದಳು. ಇಂಗ್ಲಿಷಿನಲ್ಲಿದ್ದ ಕಾಗದ, ಆಕೆಯ ಬಾಯಲ್ಲಿ ಕನ್ನಡವಾಗುತ್ತಿತ್ತು. ಪಕ್ಕದ ಹುಡುಗರು ಮುಸಿಮುಸಿ ನಗುತ್ತಿದ್ದರು. "ಅಕ್ಕ ಮಂತ್ರ ಹೇಳ್ತಾವ್ರೆ, ಸುಮ್ನಿರ್ರೋ."

ನನ್ನ ಹತ್ತಿರ ಆಕೆಯನ್ನು ಕಳಿಸಿದ್ದು ಆಪರೇಷನ್ಸ್ ಹೆಡ್. "ಈ ಮೇಡಮ್ಮಿನ ಇಮೇಲುಗಳು ಜಗಳ ಆಡಿದ ಹಾಗಿರುತ್ತವೆ, ಸ್ವಲ್ಪ ಸಾಫ್ಟ್ ಮಾಡಿ" ಎಂದಿದ್ದರು. ಆಕೆ ಬಂದು ವಿಮಾನದ ಸೀಟಿನಲ್ಲಿ ಕೂತು, ತಾನು ಬರೆದದ್ದನ್ನು ಮುಂದಿಟ್ಟಳು. ಇಂಗ್ಲಿಷಿನ ಮೂರು ಪುಟ್ಟ ವಾಕ್ಯಗಳು: ಇಂಧನ ಸಾಲದು. ಸಹಿ ಹಾಕುವುದಿಲ್ಲ. ಸೇರಿಸಿ. ಕಾನ್ವೆಂಟಿನಲ್ಲಿ ಹೀಗೆ ಬರೆದಿದ್ದರೆ ಸಿಸ್ಟರ್ ನಮ್ಮನ್ನು ಬೆಂಚಿನ ಮೇಲೆ ನಿಲ್ಲಿಸುತ್ತಿದ್ದರು. ನಾನು ಅದನ್ನು ಏಳು ಸಾಲಿಗೆ ಬೆಳೆಸಿದೆ. ದಯಮಾಡಿ ಪರಿಶೀಲಿಸಿದರೆ ಕೃತಜ್ಞಳಾಗಿರುತ್ತೇನೆ, ಅನುಕೂಲವಾದಲ್ಲಿ, ಇತ್ಯಾದಿ. ಆಕೆ ಬೆರಳಿಟ್ಟು ಓದಿದಳು.

"ಚೆನ್ನಾಗೈತೆ. ಇದ್ರಾಗೆ ಸೈನ್ ಆಕಲ್ಲ ಅನ್ನೋದು ಎಲ್ಲೈತೆ ಮೇಡಮ್ನೋರೆ?"

"ಅದು ಇಂಪ್ಲೈಡ್ ಕಣಮ್ಮ."

"ಅಂದ್ರೆ?"

"ಹೇಳದೇ ಹೇಳೋದು."

"ಅಂಗಾದ್ರೆ ಅವ್ರು ಓದ್ದೇ ಓದ್ತಾರೆ," ಎಂದು ತನ್ನ ಮೂರು ಸಾಲನ್ನೇ ಮಡಚಿಕೊಂಡು ಹೊರಟುಹೋದಳು.

ಫ್ರ್ಯಾಂಕ್ಲಿ, ಮೊದಲ ದಿನ ನನಗೆ ಆಕೆ ಹಿಡಿಸಲಿಲ್ಲ. ಆದರೆ ಮಾರನೆಯ ದಿನ ಮಧ್ಯಾಹ್ನ ಊಟದ ಡಬ್ಬಿ ಹಿಡಿದುಕೊಂಡು ನಾಲ್ಕನೇ ಮಹಡಿಗೆ ತಾನಾಗಿಯೇ ಬಂದಳು. ಕೆಳಗೆ ಹುಡುಗರು ಇಡೀ ಹೊತ್ತು ಕ್ರಿಕೆಟ್ ಮಾತಾಡುತ್ತಾರೆ, ಇಲ್ಲಿ ಶಾಂತಿ ಇದೆ ಎಂದಳು. ನನ್ನ ಅಂಚು ಕತ್ತರಿಸಿದ ಸ್ಯಾಂಡ್‌ವಿಚ್ಚನ್ನು ನೋಡಿ, "ಕತ್ತರ್ಸಿದ್ದು ಎಲ್ಲಿ ಓಯ್ತು?" ಎಂದು ಕೇಳಿದಳು. ಅಂದಿನಿಂದ ಆರು ವರ್ಷ ನಾವಿಬ್ಬರೂ ಎಲ್ಲಿಗೂ ಹಾರದ ಆ ಸೀಟುಗಳಲ್ಲಿ ಅಕ್ಕಪಕ್ಕ ಕೂತು ಊಟ ಮಾಡಿದೆವು. ಕಿಟಕಿ ಸೀಟು ಆಕೆಯದು. ಮುದ್ದೆ, ಬಸ್ಸಾರು, ಒಂದು ಹಿಡಿ ಅನ್ನ, ಒಂದು ಹಸಿ ಈರುಳ್ಳಿ. ಆಕೆ ಇಂಧನವನ್ನು ಎಣ್ಣೆ ಎನ್ನುತ್ತಿದ್ದಳು. ಕಡಲೆಕಾಯಿ ಎಣ್ಣೆ, ಸೀಮೆಎಣ್ಣೆ, ವಿಮಾನದ ಎಣ್ಣೆ.

ಒಮ್ಮೆ ಕೇಳಿದೆ, ನಿನ್ನ ಮೇಲೆ ಯಾಕೆ ಎಲ್ಲರೂ ಮುನಿಸಿಕೊಂಡಿರುತ್ತಾರೆ ಎಂದು. ಆಕೆ ಡಬ್ಬಿಯ ಮುಚ್ಚಳದ ಮೇಲೆ ಅನ್ನದ ಅಗುಳುಗಳನ್ನು ಸಾಲಾಗಿ ಇಟ್ಟು ತೋರಿಸಿದಳು. ಇಷ್ಟು ಹೋಗಿ ತಲುಪುವುದಕ್ಕೆ. ಇಷ್ಟು ಬೇರೆ ಊರಿಗೆ ತಿರುಗುವುದಕ್ಕೆ. ಇಷ್ಟು ಕಾನೂನು ಹೇಳಿದ ಕೊನೆಯ ಅರ್ಧ ಗಂಟೆಗೆ. ಇದಿಷ್ಟೂ ಇದ್ದರೆ ಹಾರಬಹುದು, ಯಾರೂ ಕೇಳುವುದಿಲ್ಲ. ಆಮೇಲೆ ಪಕ್ಕದಲ್ಲಿ ಇನ್ನೂ ನಾಲ್ಕು ಅಗುಳು ಇಟ್ಟಳು. "ಇದು ನಂದು. ಎಂಟ್ನೂರು ಕೆಜಿ. ಚಳಿಗಾಲದಾಗೆ ಬೆಳಿಗ್ಗೆ ನಮ್ಮ ಏರ್‌ಪೋರ್ಟಿಗೆ ಮಂಜು ಕವ್ಕೊಂತದಲ್ಲ, ಆಗ ಪ್ಲೇನು ಮೇಲೆ ಸುತ್ಕೊಂಡು ಕಾಯ್ಬೇಕು. ಎಂಟ್ನೂರು ಕೆಜಿ ಅಂದ್ರೆ ಇಪ್ಪತ್ತು ನಿಮಿಷ. ನಾನು ಎಣ್ಣೆ ಆಕ್ಸಲ್ಲ ಮೇಡಮ್ನೋರೆ, ಟೈಮ್ ಆಕ್ಸ್ತೀನಿ. ಪೈಲಟ್ಟು ಯೋಚ್ನೆ ಮಾಡಾಕೆ ಇಪ್ಪತ್ತು ನಿಮಿಷ."

"ಖರ್ಚು ಜಾಸ್ತಿ ಆಗುತ್ತೆ ಅಂತಾರಲ್ಲ?"

"ಆಗಲ್ಲ. ಆಕ್ಸಿದ ಎಣ್ಣೆ ಪ್ಲೇನು ಇಳಿದ್ಮೇಲೂ ಟ್ಯಾಂಕಿನಾಗೇ ಇರ್ತದೆ, ಮುಂದಿನ ಫ್ಲೈಟಿಗಾಯ್ತದೆ. ಓತ್ಕೊಂಡು ಓಗಾಕೆ ಒಂದಿಪ್ಪತ್ತೈದು ಕೆಜಿ ಉರೀತದೆ ಅಷ್ಟೇ. ಇಪ್ಪತ್ತೈದು ಕೆಜಿಗೆ ನೂರೆಂಭತ್ತು ಜನಕ್ಕೆ ಇಪ್ಪತ್ತು ನಿಮಿಷ. ಸಸ್ತಾ ಅಲ್ವಾ?"

ಈ ಇಪ್ಪತ್ತೈದನ್ನು ಓದುಗರು ನೆನಪಿಡಬೇಕು. ಮುಂದಿನ ಜಗಳವೆಲ್ಲ ಅದರದೇ.

ಇಂಧನದ ಬೆಲೆ ಏರತೊಡಗಿದಾಗ ಕಂಪನಿಗೆ ತೂಕದ ಹುಚ್ಚು ಹಿಡಿಯಿತು. ವಿಮಾನದಿಂದ ಮ್ಯಾಗಜೀನುಗಳು ಹೋದವು. ಸ್ಟೀಲಿನ ಚಮಚ ಹೋಗಿ ಮರದ ಚೂರು ಬಂತು. ಕುಡಿಯುವ ನೀರಿನ ಬಾಟಲಿ ಚಿಕ್ಕದಾಯಿತು. ನನ್ನ ಅನೌನ್ಸ್‌ಮೆಂಟುಗಳಿಗೆ ತೂಕವಿಲ್ಲವಾದ್ದರಿಂದ ನನ್ನ ತಂಟೆಗೆ ಬರಲಿಲ್ಲ. ಆಮೇಲೆ ಡಿಸ್ಪ್ಯಾಚರುಗಳ ಮೇಲೆ ಕಣ್ಣು ಬಿತ್ತು. ಯಾರು ಎಷ್ಟು ಹೆಚ್ಚುವರಿ ಇಂಧನ ಹಾಕಿಸಿದರು ಎಂದು ತಿಂಗಳಿಗೊಮ್ಮೆ ಒಂದು ಪಟ್ಟಿ, ಎಲ್ಲರ ಮೇಲ್‌ಬಾಕ್ಸಿಗೆ. ನಾಚಿಕೆಯಾಗಲಿ ಎಂಬುದೇ ಅದರ ಉದ್ದೇಶ. ಉಳಿದವರಿಗೆ ಆಯಿತು. ಹುಡುಗರು ಒಬ್ಬೊಬ್ಬರಾಗಿ ಕಡಿಮೆ ಮಾಡಿಕೊಂಡರು. ಆಕೆಯ ಹೆಸರು ಮೊದಲನೆಯದಾಗಿತ್ತು, ತಿಂಗಳು ತಿಂಗಳೂ. ಆಕೆ ಅದನ್ನು ಪ್ರಿಂಟ್ ತೆಗೆದು ತನ್ನ ಮಾನಿಟರಿನ ಪಕ್ಕ ಅಂಟಿಸಿಕೊಂಡಳು. ಆಯುಧಪೂಜೆಯ ದಿನ ಕೀಬೋರ್ಡಿಗೆ ಅರಿಶಿನ ಕುಂಕುಮ ಹಚ್ಚಿದವಳು ಆ ಪಟ್ಟಿಗೂ ಹಚ್ಚಿದಳು.

"ಯಾಕ್ರೀ ಇದಕ್ಕೆ ಪೂಜೆ?" ಎಂದು ಹೆಡ್ ಕೇಳಿದರಂತೆ.

"ಜೀವ್ಮಾನದಾಗೆ ಫಸ್ಟ್ ರ್‍ಯಾಂಕ್ ಬಂದಿರ್ಲಿಲ್ಲ ಸಾರ್."

ಅದೇ ಚಳಿಗಾಲದ ಒಂದು ಬೆಳಿಗ್ಗೆ ನಾನು ಬೇಗ ಬಂದಿದ್ದೆ. ಆಕೆಗೆ ಕೇಕಿನ ತುಂಡು ಕೊಡಲು ಮೂರನೇ ಮಹಡಿಯಲ್ಲಿ ಇಳಿದರೆ ಅಲ್ಲಿ ಹೆಡ್ ಕಿಟಕಿಯ ಬ್ಲೈಂಡನ್ನು ಮೇಲಕ್ಕೆತ್ತಿ ನಿಂತಿದ್ದರು. ಹೊರಗೆ ಕಣ್ಣು ಕುಕ್ಕುವ ಬಿಸಿಲು. ಹೈದರಾಬಾದಿನಿಂದ ಬರುವ ಮೊದಲ ವಿಮಾನಕ್ಕೆ ಆಕೆ ಹಿಂದಿನ ಸಂಜೆಯೇ ತನ್ನ ಇಪ್ಪತ್ತು ನಿಮಿಷವನ್ನು ಬರೆದಿಟ್ಟಿದ್ದಳು. ಮಂಜು ಬರಲಿಲ್ಲ. ವಿಮಾನ ನೇರವಾಗಿ ಬಂದು ಇಳಿದಿತ್ತು.

"ಎಲ್ಲಿ ರೀ ನಿಮ್ಮ ಮಂಜು?"

"ಬರ್ಲಿಲ್ಲ ಸಾರ್. ಒಳ್ಳೇದೇ ಆಯ್ತಲ್ಲ."

"ಎಂಟುನೂರು ಕೆಜಿ ವೇಸ್ಟ್."

"ಮನೆ ಬಾಗ್ಲಿಗೆ ಚಿಲಕ ಆಕಿ ಮಲಗ್ತೀರಾ ಸಾರ್?"

"ಅದಕ್ಕೂ ಇದಕ್ಕೂ ಏನ್ರೀ ಸಂಬಂಧ?"

"ಬೆಳಿಗ್ಗೆ ಎದ್ದು ಅಯ್ಯೋ ಕಳ್ಳ ಬರ್ಲಿಲ್ವಲ್ಲ, ಚಿಲಕ ವೇಸ್ಟ್ ಆಯ್ತು ಅಂತ ಅಳ್ತೀರಾ?"

ಹುಡುಗರೆಲ್ಲ ಪರದೆಯೊಳಕ್ಕೆ ಮುಖ ಹುದುಗಿಸಿಕೊಂಡರು. ಹೆಡ್ ಬ್ಲೈಂಡನ್ನು ಧಡಕ್ಕನೆ ಬಿಟ್ಟು ಹೋದರು. ನಾನು ಕೇಕನ್ನು ಮೇಜಿನ ಮೇಲಿಟ್ಟು, "ಸ್ವಲ್ಪ ಟ್ಯಾಕ್ಟ್ ಇರಬೇಕಮ್ಮ" ಎಂದೆ. ಆಕೆ ಕೇಕ್ ತಿಂದಳು.

ಆಕೆಯನ್ನು ದೇವತೆ ಮಾಡುವುದು ನನ್ನ ಉದ್ದೇಶವಲ್ಲ. ಬಾಯಿ ಬಹಳ ಒರಟು. ಟ್ರೈನಿಂಗಿಗೆ ಬಂದ ಹುಡುಗಿಯೊಬ್ಬಳನ್ನು ಒಂದು ಸೊನ್ನೆ ಬಿಟ್ಟದ್ದಕ್ಕೆ ಎಲ್ಲರೆದುರು ಅಳಿಸಿದ್ದಳು, ಅವಳನ್ನು ನಾನೇ ಮೇಲಕ್ಕೆ ಕರೆತಂದು ಟಿಶ್ಯೂ ಕೊಟ್ಟೆ. ತಪ್ಪನ್ನೂ ಮಾಡಿದವಳೇ. ಆ ತಪ್ಪು ಎಂಥದೆಂದರೆ, ಬೇರೆ ಯಾವ ಕಸುಬಿನವರೂ ಅಂಥದನ್ನು ಮಾಡಲಾರರು.

ವಿಮಾನದ ಇಂಧನಕ್ಕೆ ಒಂದು ರಾಜ್ಯದಲ್ಲಿ ತೆರಿಗೆ ಕಡಿಮೆ, ಇನ್ನೊಂದರಲ್ಲಿ ಜಾಸ್ತಿ. ಆದ್ದರಿಂದ ಕಡಿಮೆ ಇರುವ ಕಡೆ ಟ್ಯಾಂಕ್ ತುಂಬಿಸಿಕೊಂಡು ಬಂದರೆ, ಹಿಂದಿರುಗಿ ಹೋಗುವುದಕ್ಕೂ ಅದೇ ಆಗುತ್ತದೆ ಎಂದು ಕಂಪನಿ ಹೇಳಿತು. ಲೆಕ್ಕವೂ ಸರಿಯೇ ಇತ್ತು. ಆಕೆ ಒಂದು ಮಧ್ಯಾಹ್ನ ಹಾಗೆಯೇ ತುಂಬಿಸಿದಳು, ಇಳಿಯುವಾಗ ಇರಬಹುದಾದ ತೂಕದ ಮಿತಿಯ ಕೂದಲೆಳೆಯವರೆಗೆ. ಆದರೆ ಅಂದು ಹಿಂದಿನಿಂದ ಜೋರು ಗಾಳಿ ಬೀಸಿತು. ವಿಮಾನ ಬೇಗ ಬಂದುಬಿಟ್ಟಿತು, ದಾರಿಯಲ್ಲಿ ಉರಿಯಬೇಕಾದದ್ದು ಉರಿದಿರಲಿಲ್ಲ. ಇಳಿಯಲು ಭಾರ ಹೆಚ್ಚು. ಆದ್ದರಿಂದ ಊರು ಕಣ್ಣೆದುರಿಗಿದ್ದರೂ, ಆಕಾಶ ನಿಚ್ಚಳವಾಗಿದ್ದರೂ, ಉಳಿತಾಯಕ್ಕೆಂದು ಹೊತ್ತು ತಂದ ಅಗ್ಗದ ಇಂಧನವನ್ನು ಸುಟ್ಟು ಹಾಕಲು ವಿಮಾನ ನಮ್ಮ ಕೆರೆಗಳ ಮೇಲೆ ಹದಿನೈದು ನಿಮಿಷ ಸುಮ್ಮನೆ ಸುತ್ತಿತು.

ಕ್ಯಾಪ್ಟನ್ ಒಳ್ಳೆಯವರು. ಫೋನ್ ಮಾಡಿ, "ಟ್ರಾಫಿಕ್ ಇತ್ತು ಅಂತ ಬರೀತೀನಿ ಬಿಡಿ ಅಕ್ಕ" ಎಂದರಂತೆ. ಆಕೆ ಒಪ್ಪಲಿಲ್ಲ. ಗಾಳಿಯನ್ನು ಸರಿಯಾಗಿ ನೋಡಿರಲಿಲ್ಲ, ತಪ್ಪು ನನ್ನದು ಎಂದು ತಾನೇ ರಿಪೋರ್ಟ್ ಬರೆದು ಸಹಿ ಹಾಕಿ ಕೊಟ್ಟಳು. ಒಂದು ವಾರ ಸಸ್ಪೆನ್ಷನ್. ಆ ವಾರವೆಲ್ಲ ಗಂಡನ ಅಂಗಡಿಯಲ್ಲಿ ಮೊಳೆ ತೂಗಿದಳಂತೆ. ವಾಪಸ್ ಬಂದ ದಿನ ನನಗೆ ಆ ಕಥೆಯನ್ನು ಹೇಳುತ್ತ, ಬೆರಳಿನಲ್ಲಿ ಗಾಳಿಯಲ್ಲಿ ಸುತ್ತು ಹಾಕಿ ತೋರಿಸುತ್ತ, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ಉಳ್ಸೋಕೋಗಿ ಸುಟ್ಟೆ ನೋಡಿ ಮೇಡಮ್ನೋರೆ. ನೂರೆಂಭತ್ತು ಜನ ಕಿಟ್ಕಿಯಾಗೆ ಊರು ನೋಡ್ಕೊಂಡು ಕುಂತವ್ರೆ, ಯಾಕ್ ಇಳೀತಿಲ್ಲ ಅಂತ ಒಬ್ರಿಗೂ ಗೊತ್ತಿಲ್ಲ. ನಂಗೊಬ್ಳಿಗೇ ಗೊತ್ತು."

ಕಂಪನಿ ಮುಳುಗಲು ಎರಡು ವರ್ಷ ಹಿಡಿಯಿತು. ಇಂಧನದ ಬೆಲೆ ಇಳಿಯಲೇ ಇಲ್ಲ. ತೈಲ ಕಂಪನಿ ಸಾಲ ನಿಲ್ಲಿಸಿತು. ಬಾಡಿಗೆಗೆ ತಂದಿದ್ದ ವಿಮಾನಗಳನ್ನು ಅವುಗಳ ಮಾಲೀಕರು ಒಂದೊಂದಾಗಿ ಹಿಂದಕ್ಕೆ ತೆಗೆದುಕೊಂಡು ಹೋದರು. ನನ್ನ ಹುಡುಗಿಯರು ಕಣ್ಣೀರಿಟ್ಟು ಬೇರೆ ಕಡೆ ಸೇರಿದರು. ಕ್ಯಾಂಟೀನು ಮುಚ್ಚಿತು, ಲಿಫ್ಟುಗಳಲ್ಲಿ ಒಂದನ್ನು ನಿಲ್ಲಿಸಿದರು. ಇಷ್ಟೆಲ್ಲ ಆಗುವಾಗ ಬೋರ್ಡಿಗೆ ಯಾರಾದರೂ ಉತ್ತರ ಹೇಳಬೇಕಲ್ಲ. ಮನಸ್ಸಿಗೆ ಬಂದ ಊರಿಗೆಲ್ಲ ವಿಮಾನ ಹಾರಿಸಿದವರು, ಬೆಲೆ ಏರಿದರೆ ಏನು ಮಾಡಬೇಕೆಂದು ಯೋಚಿಸದೆ ಇದ್ದವರು ಮೇಲಿನ ಮಹಡಿಯವರು. ಅವರಲ್ಲಿ ಯಾರೂ ಉತ್ತರ ಹೇಳಲಿಲ್ಲ.

ಒಂದು ಮಧ್ಯಾಹ್ನ ಆಕೆ ಡಬ್ಬಿಯಿಲ್ಲದೆ ಮೇಲೆ ಬಂದಳು. ಕೈಯಲ್ಲಿ ಒಂದು ಕಾಗದ. ಕಿಟಕಿ ಸೀಟಿನಲ್ಲಿ ಕೂತು ಅದನ್ನು ನನ್ನ ತೊಡೆಯ ಮೇಲಿಟ್ಟಳು.

"ಒಂದ್ಸಲ ಓದಿ."

ಓದಬೇಕಾಗಿರಲಿಲ್ಲ. ಅದರಲ್ಲಿದ್ದದ್ದು ಇಷ್ಟು: ಡಿಸ್ಪ್ಯಾಚರುಗಳಾದ ನಾವು ಕಂಪನಿಯ ನೀತಿಯನ್ನು ಮೀರಿ ಪ್ರತಿ ಹಾರಾಟಕ್ಕೆ ಎಂಟುನೂರು ಕೆಜಿಯಷ್ಟು ಇಂಧನವನ್ನು ವ್ಯರ್ಥ ಮಾಡಿ, ಕಂಪನಿಯ ನಷ್ಟಕ್ಕೆ ಕಾರಣರಾಗಿದ್ದೇವೆಂದು ಒಪ್ಪಿಕೊಳ್ಳುತ್ತೇವೆ. ಕೆಳಗೆ ಸಹಿಗೆ ಜಾಗ. ಸಹಿ ಹಾಕಿದವರಿಗೆ ಅಂದೇ ರಿಲೀವಿಂಗ್ ಲೆಟರ್. ಅದಿಲ್ಲದೆ ಬೇರೆ ವಿಮಾನ ಕಂಪನಿಯವರು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಉಳಿದ ಐದು ಜನ ಆಗಲೇ ಸಹಿ ಹಾಕಿದ್ದರು.

"ಇಂಗ್ಲಿಷು ಬಾಳ ಚೆನ್ನಾಗೈತೆ," ಎಂದಳು. ಕಿಟಕಿಯ ಕಡೆ ನೋಡುತ್ತಿದ್ದಳು. "ನಿಮ್ದಾ?"

ವಾರದ ಹಿಂದೆ ಎಚ್‌ಆರಿನಿಂದ ಒಂದು ಡ್ರಾಫ್ಟ್ ಬಂದಿತ್ತು. ಮಿಸ್, ಲ್ಯಾಂಗ್ವೇಜ್ ಒಂದು ಸಲ ಚೆಕ್ ಮಾಡಿ ಎಂದು. ನಾನು ಮಾಡಿದ್ದೆ. ಒಂದು ಒರಟು ಶಬ್ದ ತೆಗೆದು ನಯವಾದದ್ದನ್ನು ಹಾಕಿದ್ದೆ, ಎರಡು ಕಾಮಾ ಇಟ್ಟಿದ್ದೆ, ಅರ್ಧ ಗಂಟೆಯಲ್ಲಿ ಕಳಿಸಿದ್ದೆ. ಅದರಲ್ಲಿ ಏನಿದೆಯೆಂದು ತಿಳಿಯದೆ ಮಾಡಿದೆನೆಂದು ಹೇಳಿದರೆ ಸುಳ್ಳಾಗುತ್ತದೆ. ಎಂಟುನೂರು ಎಂಬ ಸಂಖ್ಯೆಯನ್ನು ನೋಡಿದ್ದೆ. ಅನ್ನದ ಅಗುಳಿನಲ್ಲಿ ಅದನ್ನು ಕಲಿತವಳು ನಾನು. ಆದರೂ ಕೈ ವಾಕ್ಯವನ್ನು ತಿದ್ದಿಕೊಂಡು ಹೋಯಿತು. ಮೂವತ್ತೆರಡು ವರ್ಷ ಕಾಂಪೊಸಿಷನ್ ತಿದ್ದಿದ ಕೈ, ಮಕ್ಕಳು ಬರೆದದ್ದು ನಿಜವೇ ಎಂದು ಎಂದೂ ಕೇಳಿದ್ದಲ್ಲ.

"ಕಾಮಾ ನಂದು," ಎಂದೆ.

"ಅನ್ಕೊಂಡೆ. ಈ ಆಫೀಸಿನಾಗೆ ಬೇರೆ ಯಾರ್ಗೂ ಕಾಮಾ ಆಕಾಕೆ ಬರಲ್ಲ."

ಸಿಟ್ಟು ಮಾಡಿದ್ದರೆ ಚೆನ್ನಾಗಿತ್ತು. ಮಾಡಲಿಲ್ಲ. ನಾನು ನನ್ನ ಮುಜುಗರವನ್ನು ಮುಚ್ಚಿಕೊಳ್ಳಲು ಬುದ್ಧಿ ಹೇಳತೊಡಗಿದೆ. ಸಹಿ ಹಾಕಿಬಿಡಮ್ಮ, ಇದೊಂದು ಫಾರ್ಮಾಲಿಟಿ, ಸತ್ತ ಕಂಪನಿಯ ಕಾಗದವನ್ನು ಯಾರು ಓದುತ್ತಾರೆ, ನಿನಗೆ ಲೆಟರ್ ಮುಖ್ಯ, ಬಿ ಪ್ರಾಕ್ಟಿಕಲ್.

"ನಮ್ಮ ತಾತಂಗೂ ಇಂಗೇ ಏಳಿದ್ರು," ಎಂದಳು. "ರೋಡಿಗೆ ಜಾಗ ಬಿಡಾಕೆ ಒಪ್ಗೆ ಅಷ್ಟೇ ಗೌಡ್ರೇ, ಸುಮ್ನೆ ಒಂದು ಸೈನು ಅಂತ. ಓದಾಕೆ ಬರ್ತಿರ್ಲಿಲ್ಲ, ಆಕ್ದ. ರೋಡು ಬರ್ಲಿಲ್ಲ. ಬೇಲಿ ಬಂತು. ಮೂರೆಕ್ರೆ ದ್ರಾಕ್ಷಿ ತೋಟ ಓಯ್ತು. ನಮ್ಮೂರಾಗೆ ಕುಡಿದು ಕೆಟ್ಟೋರ್ಗಿಂತ ಸೈನಾಕಿ ಕೆಟ್ಟೋರೇ ಜಾಸ್ತಿ ಮೇಡಮ್ನೋರೆ. ನಂಗೆ ಓದಾಕೆ ಬರ್ತದೆ. ಓದೀನಿ. ಬನ್ನಿ ನೀವೂ, ಸಾಕ್ಷಿಗೆ."

ಹೆಡ್ಡಿನ ಕೋಣೆಯಲ್ಲಿ ಅರ್ಧ ಕಟ್ಟಿದ ಪೆಟ್ಟಿಗೆಗಳಿದ್ದವು. ಅವರ ಟೈ ಸಡಿಲವಾಗಿತ್ತು, ಎಷ್ಟೋ ದಿನ ನಿದ್ದೆಯಿಲ್ಲದ ಮುಖ. ಮಲ್ಲೇಶ್ವರದ ಕಡೆಯ ಮನುಷ್ಯ, ಕೆಟ್ಟವರೆಂದು ನಾನೆಂದೂ ಅಂದುಕೊಂಡಿರಲಿಲ್ಲ.

"ಸೈನ್ ಮಾಡಿ ಹೋಗ್ರೀ. ನಿಮಗೇನು, ಪಿಜಿ ಬಾಡಿಗೆ ಬರುತ್ತೆ. ನಮ್ಮಂಥೋರ ಕಷ್ಟ ನಿಮಗೇನು ಗೊತ್ತು?"

"ಬಾಡ್ಗೆ ಬರ್ತದೆ ಸಾರ್. ಅದ್ಕೇ ದುಡ್ಡಿಗೆ ಎದ್ರಲ್ಲ."

"ಎಲ್ಲರೂ ಮಾಡಿದಾರೆ."

"ಗಾಳಿ ನೋಡ್ದೆ ಟ್ಯಾಂಕ್ ತುಂಬ್ಸಿದ್ನಲ್ಲ, ಅವತ್ತು ಯಾರೂ ಕೇಳ್ದೇನೇ ಬರ್ದು ಸೈನಾಕ್ದೆ. ಅದು ನಂದು. ಇದು ನಂದಲ್ಲ." ಆಕೆ ಕಾಗದವನ್ನು ಮೇಜಿನ ಮೇಲೆ ಹರಡಿ, ಎಂಟುನೂರು ಎಂಬಲ್ಲಿ ಬೆರಳಿಟ್ಟಳು. "ಇದು ಟ್ಯಾಂಕಿನಾಗೇ ಉಳೀತದೆ ಅಂತ ನಿಮ್ಗೂ ಗೊತ್ತು. ಉರಿಯೋದು ಇಪ್ಪತ್ತೈದು. ಎಂಟ್ನೂರು ಒಡೆದಾಕಿ ಇಪ್ಪತ್ತೈದು ಅಂತ ಬರೀರಿ. ಮಂಜಿನ ದಿನ ಮಾತ್ರ ಅಂತ್ಲೂ ಬರೀರಿ. ನೀವು ನೋಡ್ತಿದ್ದಂಗೇ ಸೈನಾಕ್ತೀನಿ, ಬೇಕಾದ್ರೆ ಎಬ್ಬೆಟ್ಟೂ ಒತ್ತಿ ಓಗ್ತೀನಿ."

ಪೆನ್ನಿನ ಕ್ಯಾಪು ತೆಗೆದು ಕಾದಳು. ಅದು ಬರೀ ಮಾತಲ್ಲ. ಬರೆದಿದ್ದರೆ ಖಂಡಿತ ಹಾಕುತ್ತಿದ್ದಳು. ಇಪ್ಪತ್ತೈದು ಕೆಜಿಯಿಂದ ಯಾವ ಕಂಪನಿಯೂ ಮುಳುಗುವುದಿಲ್ಲ, ಅದನ್ನು ಬೋರ್ಡಿಗೆ ಕೊಟ್ಟು ಪ್ರಯೋಜನವಿಲ್ಲ.

"ಆಗಲ್ಲ ರೀ," ಎಂದರು ಹೆಡ್. "ಲೆಟರ್ ಸಿಗಲ್ಲ. ಈ ಫೀಲ್ಡಲ್ಲಿ ಇನ್ನೆಲ್ಲೂ ಕೆಲಸ ಸಿಗಲ್ಲ. ಯೋಚನೆ ಮಾಡಿ."

"ಮಾಡ್ದೆ ಸಾರ್." ಪೆನ್ನಿಗೆ ಕ್ಯಾಪು ಹಾಕಿದಳು.

ನಾನು ಸಾಕ್ಷಿಗೆ ಹೋದವಳು ಅಲ್ಲಿ ಬಾಯಿಬಿಡಲಿಲ್ಲ. ಆ ಕಾಗದ ತಿದ್ದಿದವಳು ನಾನು, ಅದರ ಸಂಖ್ಯೆ ಸುಳ್ಳೆಂದು ನನಗೂ ಗೊತ್ತು ಎನ್ನಬಹುದಿತ್ತು. ಗೋಡೆಯ ಮೇಲಿದ್ದ ಇಂಡಿಯಾದ ಮ್ಯಾಪನ್ನು ನೋಡುತ್ತ ನಿಂತಿದ್ದೆ. ನನಗೂ ಒಂದು ಸರ್ಟಿಫಿಕೇಟ್ ಬರಬೇಕಿತ್ತು. ಬಂತು. ಚೆನ್ನಾಗಿಯೇ ಬರೆದಿದ್ದರು.

ಹೆಡ್ ಹೇಳಿದ್ದು ನಿಜವಾಯಿತು. ಮೂರು ಕಂಪನಿಗಳು ಆಕೆಯನ್ನು ಇಂಟರ್ವ್ಯೂಗೆ ಕರೆದವು. ಮೂರರಲ್ಲೂ ರಿಲೀವಿಂಗ್ ಲೆಟರ್ ಎಲ್ಲಿ ಎಂದು ಕೇಳಿದರು, ಮೂರರಲ್ಲೂ ಇದ್ದದ್ದನ್ನು ಇದ್ದಹಾಗೆ ಹೇಳಿ 'ಆಮೇಲೆ ತಿಳಿಸುತ್ತೇವೆ' ಎನ್ನಿಸಿಕೊಂಡು ಬಂದಳು. ಅತ್ತೆಮನೆಯವರು, "ಬಾಡಿಗೆ ಬರೋ ಮನೆ ಹೆಂಗಸಿಗೆ ಯಾಕೆ ಬೇಕಿತ್ತು ಈ ಉಸಾಬರಿ" ಎಂದರು. ನಾಲ್ಕು ತಿಂಗಳು ಮಂಕಾಗಿದ್ದಳು. ಹೂಡಿಯ ಮೇಲೆ ವಿಮಾನದ ಸದ್ದು ಕೇಳಿದರೆ ಮಾತು ನಿಲ್ಲಿಸಿ, ಅದು ಹೋಗುವವರೆಗೆ ಸುಮ್ಮನಿದ್ದು, ಮತ್ತೆ ಮಾತಾಡುತ್ತಿದ್ದಳು. ಅದೊಂದೇ ನಾನು ಕಂಡ ದುಃಖ.

ಆಮೇಲೆ ಒಂದು ದಿನ ಪಿಜಿಯ ಕೆಳಗಿನ ಪಾರ್ಕಿಂಗಿನಲ್ಲಿ, ಚಪ್ಪಲಿ ಸ್ಟ್ಯಾಂಡಿನ ಪಕ್ಕ, ಒಂದು ಬಿಳಿ ಬೋರ್ಡ್ ತೂಗುಹಾಕಿ ಡಿಸ್ಪ್ಯಾಚರ್ ಪರೀಕ್ಷೆಗೆ ಪಾಠ ಶುರುಮಾಡಿದಳು. ಊರಿನ ಇನ್ನೊಂದು ತುದಿಯ ಬಾಗಲಗುಂಟೆ, ರಾಜಗೋಪಾಲನಗರದಿಂದ, ಫ್ಯಾಕ್ಟರಿಯವರ ಮಕ್ಕಳು ಎರಡು ಬಸ್ಸು ಬದಲಾಯಿಸಿ ಬರುತ್ತಿದ್ದರು. ಕನ್ನಡದಲ್ಲಿ ಗಾಳಿ, ಮೋಡ, ತೂಕ ಎಲ್ಲವನ್ನೂ ಹೇಳಿಕೊಡುತ್ತಿದ್ದಳು. ಇಂಗ್ಲಿಷಿಗೆ ಶನಿವಾರ ನಾನು. ಆಕೆ ಕರೆಯಲಿಲ್ಲ, ನಾನೇ ಹೋದೆ. "ಬನ್ನಿ," ಎಂದಳು, "ಇವ್ರಿಗೆ ಕಾಮಾ ಕಲ್ಸಿ." ಆ ವಿಷಯದ ಬಗ್ಗೆ ಆಕೆ ನನಗೆ ಹೇಳಿದ ಕೊನೆಯ ಮಾತು ಅದು. ಆ ಪಾರ್ಕಿಂಗಿನಲ್ಲಿ ಓದಿದ ಮಕ್ಕಳು ಇಂದು ಈ ದೇಶದ ಬಹಳಷ್ಟು ವಿಮಾನಗಳಿಗೆ ಸಹಿ ಹಾಕುತ್ತಿದ್ದಾರೆ.

ಎರಡು ವರ್ಷದ ಹಿಂದೆ, ನಾನು ಅಲ್ಲಿದ್ದಾಗಲೇ, ಹೆಡ್ ಫೋನ್ ಮಾಡಿದ್ದರು. ಅವರು ಇನ್ನೊಂದು ಕಂಪನಿಯಲ್ಲಿ ಇನ್ನೂ ದೊಡ್ಡ ಹುದ್ದೆಯಲ್ಲಿದ್ದರು. ಅನುಭವಸ್ಥರು ಬೇಕು, ಬನ್ನಿ, ಲೆಟರ್ ಗಿಟರ್ ನಾನು ನೋಡಿಕೊಳ್ಳುತ್ತೇನೆ ಎಂದರು. ಆಕೆ ಸ್ಪೀಕರಿನಲ್ಲಿ ಹಾಕಿ, ಬೋರ್ಡ್ ಒರೆಸುತ್ತಲೇ ಮಾತಾಡಿದಳು.

"ಬರ್ತೀನಿ ಸಾರ್. ಅವತ್ತಿನ ಕಾಗ್ದ ತಪ್ಪು ಅಂತ ಎರಡು ಸಾಲು ಬರ್ದು ಕೊಡಿ. ನಾಳೇನೇ ಬರ್ತೀನಿ."

"ಅದೆಲ್ಲ ಆಗಿಹೋಗಿದ್ದು ಬಿಡಿ ರೀ. ಈಗ್ಯಾಕೆ?"

"ಅಂಗಾದ್ರೆ ಕ್ಲಾಸೈತೆ ಸಾರ್. ಇಡ್ತೀನಿ."

ಹೋದ ತಿಂಗಳು ಹನ್ನೊಂದನೆಯ ದಿನದ ತಿಥಿಗೆ ಹೂಡಿಗೆ ಹೋದೆ. ಬೀದಿಗೆ ಅಡ್ಡಲಾಗಿ ಶಾಮಿಯಾನ, ಉದ್ದನೆಯ ಪಂಕ್ತಿ. ನನ್ನ ಪಕ್ಕದ ಎಲೆಗೆ ಬಂದು ಕೂತವರು ಆ ಹೆಡ್. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬಂದದ್ದು ದೊಡ್ಡ ಗುಣವೇ, ಇಲ್ಲವೆನ್ನುವುದಿಲ್ಲ. ಪಾಯಸ ಬಡಿಸುವವರು ದಾಟಿಹೋದ ಮೇಲೆ ನನ್ನ ಕಡೆ ಬಾಗಿ, "ಷಿ ವಾಸ್ ರೈಟ್, ಮೇಡಂ. ಐ ಆಲ್ವೇಸ್ ನ್ಯೂ" ಎಂದರು.

ನಾನು ಎಡಗೈಯಿಂದ ಹ್ಯಾಂಡ್‌ಬ್ಯಾಗ್ ತೆರೆದು ಪೆನ್ನನ್ನೂ ಒಂದು ಹಾಳೆಯನ್ನೂ ಅವರ ಎಲೆಯ ಪಕ್ಕ ಇಟ್ಟೆ. "ಬರೆದುಕೊಡಿ."

"ಈಗ ಯಾರಿಗೆ ಬೇಕು ಮೇಡಂ ಅದು?"

"ಅಲ್ಲಿ ಬಡಿಸ್ತಿದಾರಲ್ಲ, ಅವಳ ಹತ್ರ ಓದಿದ ಮಕ್ಕಳು, ಅವರಿಗೆ ಬೇಕು. ನಾಳೆ ಅವರ ಮುಂದೂ ಯಾರೋ ಇಂಥದ್ದೇ ಕಾಗದ ಇಡ್ತಾರೆ. ನೀವೇ ಇಡಬಹುದು."

"ಇದು ಸಂದರ್ಭ ಅಲ್ಲ."

"ನೀವು ಹೇಳೋಕೆ ಸಂದರ್ಭ ಆಯ್ತಲ್ಲ."

ಅವರು ಫ್ಲೈಟ್ ಇದೆ ಎಂದು ಎದ್ದು ಕೈತೊಳೆಯಲು ಹೋದವರು ಹಾಗೆಯೇ ಕಾರು ಹತ್ತಿದರು. ಹಾಳೆ ಖಾಲಿಯಾಗಿಯೇ ಉಳಿಯಿತು. ಅಂಚಿಗೆ ಅವರ ಎಲೆಯ ಸಾರು ತಾಗಿತ್ತು.

ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಇಂಗ್ಲಿಷಿನಲ್ಲಲ್ಲ. ಇಂಗ್ಲಿಷಿನಲ್ಲಿ ಬರೆಯಲು ಹೋದರೆ ನನ್ನ ಕೈ ಮತ್ತೆ ನಯವಾಗಿಬಿಡುತ್ತದೆ. ಆ ಕಂಪನಿ ಮುಳುಗಿದ್ದು ಈ ಹೆಂಗಸು ಹಾಕಿಸಿದ ಎಣ್ಣೆಯಿಂದಲ್ಲ. ಹಾಗೆಂದು ಹೇಳುವ ಕಾಗದ ಸುಳ್ಳು. ಸುಳ್ಳೆಂದು ಅದನ್ನು ಬರೆಸಿದವರಿಗೆ ಗೊತ್ತಿತ್ತು, ತಿದ್ದಿದ ನನಗೂ ಗೊತ್ತಿತ್ತು. ನನಗೀಗ ಎಪ್ಪತ್ತಾರು. ಇದು ತಪ್ಪೆನ್ನುವವರು ಕೇಸು ಹಾಕಬಹುದು. ವೈಟ್‌ಫೀಲ್ಡಿನ ಹಳೆಯ ಬೀದಿಯಲ್ಲಿ ಇಂಗ್ಲಿಷ್ ಮಿಸ್ ಮನೆ ಯಾವುದೆಂದು ಕೇಳಿದರೆ ಯಾರು ಬೇಕಾದರೂ ತೋರಿಸುತ್ತಾರೆ. ನಾನು ಮನೆಯಲ್ಲೇ ಇರುತ್ತೇನೆ.